ಕಲ್ಪನೆಯ ಹೆಸರಿನಲ್ಲಿ ಕೈ ತೊಳೆದುಕೊಳ್ಳುವವರು

"ರೆಡಿಮೇಡ್ ಕತೆ ಬೇಕಾಗುವುದು ಕೈಲಾಗದವರಿಗೆ." ದಾಳ ಉರುಳಿಸಿ, ಪಾತ್ರ ಕಟ್ಟಿ ಆಡುವ ಆಟಗಳ ಮೇಜಿನ ಸುತ್ತ ಈ ಮಾತು ಈಗ ವೇದವಾಕ್ಯ. ಮೈಸೂರಿನ ಹಾಸ್ಟೆಲ್ ಕೋಣೆಗಳಲ್ಲಿ, ಕೆಫೆಗಳ ಮೂಲೆ ಮೇಜಿನಲ್ಲಿ ಆಡುವ ಹುಡುಗರೂ ಇದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಒಳ್ಳೆಯ ಆಕರ ಪುಸ್ತಕ ಅಂದರೆ ಲೋಕವನ್ನು ಕೊಡಬೇಕು, ನಿಯಮ ಕೊಡಬೇಕು, ಕತೆ ಮಾತ್ರ ಕೊಡಬಾರದು. ಕೊಟ್ಟರೆ ಓದುಗನ ಕಲ್ಪನೆಗೆ ಬೇಲಿ ಹಾಕಿದಂತೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಓದುಗನನ್ನು ಇಷ್ಟು ಗೌರವಿಸುವ ಪ್ರಕಾಶಕರು ಬೇರೆಲ್ಲಿ ಸಿಕ್ಕಾರು? ಗೌರವ ಎಷ್ಟರಮಟ್ಟಿಗೆಂದರೆ, ತಾವು ಮಾಡಬೇಕಾದ ಅರ್ಧ ಕೆಲಸವನ್ನು ಅವನ ತಲೆಗೆ ಕಟ್ಟಿ, ಪೂರ್ತಿ ಬೆಲೆಯನ್ನೂ ಅವನಿಂದಲೇ ವಸೂಲು ಮಾಡುತ್ತಾರೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. 'ಸ್ಟ್ರೇಂಜರ್ ಥಿಂಗ್ಸ್' ನೋಡಿದ ಮನೆಗಳಲ್ಲೆಲ್ಲ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹೆಸರು ಗೊತ್ತು. ಆಟ ನಡೆಸುವವನು ಒಬ್ಬ, ಅವನನ್ನು ಡಿಎಂ ಅನ್ನುತ್ತಾರೆ. ಸುತ್ತ ನಾಲ್ಕೈದು ಮಂದಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಡಿಎಂ ಸನ್ನಿವೇಶ ಹೇಳುತ್ತಾನೆ, ಇವರು ಏನು ಮಾಡುತ್ತೇವೆಂದು ಹೇಳುತ್ತಾರೆ, ಗೆಲುವು ಸೋಲು ಅನುಮಾನವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಇದಕ್ಕೆ ಒಂದು ನಿಯಮದ ಪುಸ್ತಕ. ಅದರ ಮೇಲೆ ಆಕರ ಪುಸ್ತಕಗಳು: ಒಂದೊಂದರಲ್ಲಿ ಒಂದೊಂದು ಲೋಕ, ಅಲ್ಲಿನ ಊರುಗಳು, ರಾಜವಂಶಗಳು, ದೇವರುಗಳು, ಆಯುಧಗಳು, ಪ್ರಾಣಿಗಳು. ಇನ್ನು ಒಂದು ಸಂಜೆಗೋ ಒಂದು ತಿಂಗಳಿಗೋ ಆಗುವಂತೆ ಸನ್ನಿವೇಶ, ಜಾಗ, ಜನ, ಗಂಟು ಎಲ್ಲವನ್ನೂ ಹೊಂದಿಸಿಟ್ಟ ಕತೆಗೆ ಅಡ್ವೆಂಚರ್ ಅನ್ನುತ್ತಾರೆ. ಬಿಡಿಯಾಗಿ ಅಚ್ಚಾದರೆ ಮಾಡ್ಯೂಲ್. ಆಕರ ಪುಸ್ತಕದೊಳಗೆ ಇಂಥ ಕತೆ ಇರಬೇಕೇ ಬೇಡವೇ ಅನ್ನುವುದು ಜಗಳ. ಬೇಡ ಅನ್ನುವವರು ಗೆದ್ದು ಕೂತಿದ್ದಾರೆ. ಅವರು ಗೆದ್ದದ್ದು ವಾದದಿಂದಲ್ಲ, ಜಂಭದಿಂದ.

ಕುವೆಂಪುನಗರದ ಒಂದು ಮಹಡಿ ಮನೆ, ಭಾನುವಾರ ಮಧ್ಯಾಹ್ನ ಅಂತ ಇಟ್ಟುಕೊಳ್ಳಿ. ಐದು ಜನ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ದುಡ್ಡು ಸೇರಿಸಿ, ಸಾವಿರಾರು ರೂಪಾಯಿ ಕೊಟ್ಟು ಆಮದು ಪುಸ್ತಕ ತರಿಸಿದ್ದಾರೆ. ರಟ್ಟಿನ ಬೈಂಡು, ನುಣುಪು ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರ. ಡಿಎಂ ಆಗಲು ಒಪ್ಪಿದ ಹುಡುಗಿ ಇಂಟರ್ನಲ್ಸ್ ನಡುವೆಯೇ ಮುನ್ನೂರು ಪುಟ ಓದಿದ್ದಾಳೆ. ಉತ್ತರದ ರಾಜ್ಯದಲ್ಲಿ ಎಷ್ಟು ಮನೆತನ, ದಕ್ಷಿಣದ ಬಂದರಿನಲ್ಲಿ ಯಾವ ನಾಣ್ಯ, ಮೂರನೆಯ ಚಕ್ರವರ್ತಿಯ ಎರಡನೆಯ ಹೆಂಡತಿ ಯಾವ ಕುಲದವಳು, ಎಲ್ಲ ಗೊತ್ತು. ನಾಲ್ವರೂ ಒಂದು ಗಂಟೆ ಕೂತು ಪಾತ್ರ ಕಟ್ಟಿದರು. ಕಾಫಿ ಬಂತು. ಈಗ? ಪಾತ್ರಗಳು ಒಂದು ಛತ್ರದಲ್ಲಿ ಕೂತಿವೆ. ಬಾಗಿಲು ಯಾರೂ ತಟ್ಟುತ್ತಿಲ್ಲ, ಏಕೆಂದರೆ ಯಾರು ತಟ್ಟಬೇಕೆಂದು ಪುಸ್ತಕ ಹೇಳಿಲ್ಲ. ಹುಡುಗಿ ಪುಟ ತಿರುವುತ್ತಾಳೆ. ಕೊಡಲಿಯ ಪಟ್ಟಿಯಲ್ಲಿ ಹನ್ನೊಂದು ಬಗೆಯ ಕೊಡಲಿ ಇದೆ. ಒಬ್ಬ ಫೋನ್ ತೆಗೆಯುತ್ತಾನೆ. ಮುಂದಿನ ಭಾನುವಾರ ಮೂವರು ಬರುತ್ತಾರೆ, ಅದರ ಮುಂದಿನ ವಾರ ಕ್ರಿಕೆಟ್. ಪುಸ್ತಕ ಕಪಾಟು ಸೇರುತ್ತದೆ. ಆಮೇಲೆ ನಮ್ಮ ಪಂಡಿತರು ತೀರ್ಪು ಕೊಡುತ್ತಾರೆ: ಆ ಹುಡುಗಿಗೆ ಕಲ್ಪನೆ ಸಾಲದು. ತಪ್ಪು ಯಾರದು? ಆಟ ಶುರುಮಾಡಲು ಬೇಕಾದ ಒಂದೇ ಒಂದು ವಸ್ತುವನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅಚ್ಚು ಹಾಕಿದವರದಲ್ಲವೇ?

ಈ ರೋಗ ಹಳೆಯದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ 1974ರಲ್ಲಿ ಮೂರು ಪುಟ್ಟ ಪುಸ್ತಿಕೆಗಳ ಪೆಟ್ಟಿಗೆಯಾಗಿ ಈ ಆಟವನ್ನು ಹೊರತಂದಾಗಲೇ ಇತ್ತು. ಸಂಶಯವಿದ್ದರೆ ಬರೆಯಿರಿ, ಆದರೆ ನಿಮ್ಮ ಪಾಲಿನ ಕಲ್ಪನೆಯನ್ನೂ ನಾವೇಕೆ ಮಾಡಿಕೊಡಬೇಕು ಎಂಬ ಧಾಟಿಯಲ್ಲಿ ಆ ಪುಸ್ತಿಕೆಗಳ ಕೊನೆಯ ಮಾತು ಮುಗಿಯುತ್ತದೆ. ಇಂದಿನ ಮಡಿವಂತರು ಅದನ್ನೇ ಮಂತ್ರದಂತೆ ಜಪಿಸುತ್ತಾರೆ. ಆಮೇಲೆ ಏನಾಯಿತೆಂದು ಮಾತ್ರ ಹೇಳುವುದಿಲ್ಲ. ಮರುವರ್ಷವೇ, 1975ರಲ್ಲಿ, ಆರ್ನೆಸನ್ ತನ್ನ 'ಬ್ಲ್ಯಾಕ್‌ಮೂರ್' ಪುಸ್ತಿಕೆಯಲ್ಲಿ ಕಪ್ಪೆ ದೇವಾಲಯದ ಕತೆಯೊಂದನ್ನು ಪೂರ್ತಿ ನಕಾಶೆ ಸಮೇತ ಅಚ್ಚು ಹಾಕಿದ. ಅಂದರೆ ಆಟ ಹುಟ್ಟಿಸಿದವನೇ ಆಕರ ಪುಸ್ತಕದೊಳಗೆ ಸಿದ್ಧ ಕತೆ ಇಟ್ಟ. ಇತ್ತ ಆಟವನ್ನು ಅಚ್ಚು ಹಾಕಿದ ಕಂಪೆನಿ ಟಿಎಸ್ಆರ್, ಇಂಥದ್ದನ್ನು ಯಾರು ಕೊಳ್ಳುತ್ತಾರೆ ಅಂತ ಉದಾಸೀನ ಮಾಡಿ, 1976ರಲ್ಲಿ ಶುರುವಾದ ಜಡ್ಜಸ್ ಗಿಲ್ಡ್ ಎಂಬ ಸಣ್ಣ ಸಂಸ್ಥೆಗೆ ಅನುಮತಿ ಕೊಟ್ಟು ಸುಮ್ಮನಾಯಿತು. ಆಡುವವರು ಮುಗಿಬಿದ್ದರು. 1978ರ ಹೊತ್ತಿಗೆ ಟಿಎಸ್ಆರ್ ತಾನೇ ರಾಕ್ಷಸರ ಕೋಟೆಗಳ ಮಾಡ್ಯೂಲುಗಳನ್ನು ಅಚ್ಚು ಹಾಕುತ್ತ ಕೂತಿತ್ತು. ಮಾರುಕಟ್ಟೆ ಕಿವಿ ಹಿಂಡಿ ಕಲಿಸಿದ ಪಾಠವನ್ನು ಐವತ್ತು ವರ್ಷವಾದ ಮೇಲೂ ಮೈಸೂರಿನ ಹುಡುಗರಿಗೆ ತಿರುಚಿ ಹೇಳಬೇಕೇ?

ಅದೇ ದಶಕದ ಕೊನೆಯಲ್ಲಿ ಮೈಕ್ ಕಾರ್ ಬರೆದ 'ಇನ್ ಸರ್ಚ್ ಆಫ್ ದಿ ಅನ್‌ನೋನ್' ಎಂಬ ಮಾಡ್ಯೂಲ್ ಬಂತು. ಹೊಸಬರ ಪೆಟ್ಟಿಗೆಯೊಳಗೇ ಅದನ್ನು ಇಟ್ಟು ಕೊಡುತ್ತಿದ್ದರು. ಅದನ್ನು ತೆರೆದು ನೋಡಿದವರು ರೆಡಿಮೇಡ್ ಕತೆ ಕಲ್ಪನೆಯನ್ನು ಕೊಲ್ಲುತ್ತದೆ ಅಂತ ಬಾಯಿ ಬಿಡಲಾರರು. ನೆಲಮಾಳಿಗೆಯ ನಕಾಶೆ ಇದೆ, ಒಂದೊಂದು ಕೋಣೆಯ ವರ್ಣನೆ ಇದೆ, ಆದರೆ ಕೋಣೆಯಲ್ಲಿ ಯಾವ ಪ್ರಾಣಿ, ಯಾವ ನಿಧಿ ಎನ್ನುವ ಜಾಗ ಖಾಲಿ. ಹಿಂದೆ ಪಟ್ಟಿ ಕೊಟ್ಟಿದ್ದಾರೆ. ಇದರಿಂದ ಆರಿಸಿ ನೀನೇ ತುಂಬು. ಹೊಸ ಡಿಎಂ ಪೆನ್ಸಿಲ್ ಹಿಡಿದು ಕೂತು, ಈ ಕೋಣೆಯಲ್ಲಿ ಜೇಡ ಇಟ್ಟರೆ ಪಕ್ಕದ ಕೋಣೆಯವರು ಹೇಗೆ ಬದುಕಿದ್ದಾರೆ ಅಂತ ಯೋಚಿಸತೊಡಗಿದಾಗಲೇ ಅವನು ಕತೆಗಾರನಾಗಿರುತ್ತಾನೆ. ಕಲಿಸುವುದೆಂದರೆ ಇದು. "ಕಲ್ಪಿಸಿಕೋ" ಅಂತ ಅಪ್ಪಣೆ ಕೊಟ್ಟು ಎದ್ದು ಹೋಗುವುದಕ್ಕೆ ಯಾವ ವಿದ್ಯೆ ಬೇಕು?

ಅವರ ದೊಡ್ಡ ಬಾಣ ರೈಲು ಹಳಿಯದು. ಸಿದ್ಧ ಕತೆ ಆಟಗಾರರನ್ನು ಹಳಿಯ ಮೇಲೆ ಕೂರಿಸುತ್ತದೆ, ಅತ್ತಿತ್ತ ತಿರುಗಲು ಬಿಡುವುದಿಲ್ಲ, ಕೊನೆ ಮೊದಲೇ ಗೊತ್ತಿರುತ್ತದೆ. ಇದನ್ನು ಇಂಗ್ಲಿಷ್ ಪುಸ್ತಕ ಓದಿ ಹೇಳುವ ಕನ್ನಡದ ಹುಡುಗ ಯಕ್ಷಗಾನದ ಒಂದು ತಾಳಮದ್ದಳೆಯಲ್ಲೂ ಕೂತಿಲ್ಲವೆಂದೇ ಅರ್ಥ. ಪ್ರಸಂಗ ಪುಸ್ತಕ ಬಿಚ್ಚಿ ನೋಡಿ. ಅದರಲ್ಲಿರುವುದು ಪದ್ಯಗಳು, ರಾಗ ತಾಳದ ಸೂಚನೆಗಳು. ಮಾತು ಒಂದೂ ಇಲ್ಲ. ಭಾಗವತರು ನಾಲ್ಕು ಸಾಲು ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿ ಅಲ್ಲಿಂದ ಎತ್ತಿಕೊಂಡು ಹತ್ತು ನಿಮಿಷವೋ ಅರ್ಧ ಗಂಟೆಯೋ ತನ್ನ ಬುದ್ಧಿಯಿಂದ ಕಟ್ಟಬೇಕು. ಎದುರು ಕೂತವನು ಯಾವ ಮಾತಿನಲ್ಲಿ ಸಿಕ್ಕಿಸುತ್ತಾನೋ ಅವನಿಗೂ ಗೊತ್ತಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರ. ಜಗತ್ತಿನಲ್ಲಿ ಈ ದಾಳದ ಆಟಕ್ಕೆ ಹತ್ತಿರದ ನೆಂಟ ಯಾರಾದರೂ ಇದ್ದರೆ ಅದು ಕರಾವಳಿಯ, ಕಾಸರಗೋಡಿನ ಈ ಕಲೆ.

ಇಲ್ಲಿ ಕತೆ ಸಿದ್ಧ. ಸಿದ್ಧ ಅಂದರೆ ಅಂತಿಂಥ ಸಿದ್ಧವಲ್ಲ, ಕೊನೆಯವರೆಗೂ ಕಟ್ಟಿಟ್ಟದ್ದು. 'ಕೃಷ್ಣ ಸಂಧಾನ'ದಲ್ಲಿ ಸಂಧಾನ ಮುರಿಯುತ್ತದೆಂದು ಹಿಂದಿನ ಸಾಲಿನಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ವಾಲಿ ಸಾಯುತ್ತಾನೆ, ಯಾವ ಅರ್ಥಧಾರಿಯೂ ಅವನನ್ನು ಉಳಿಸಲಾರ. ಆದರೂ ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಇವತ್ತು ಯಾವ ಪ್ರಶ್ನೆಯಿಂದ ಕೆಣಕುತ್ತಾನೆ ಅನ್ನುವುದಕ್ಕಾಗಿ ಜನ ರಾತ್ರಿಯೆಲ್ಲ ಕೂತರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಹೋಗಿ ವಿಚಾರಿಸಿ. "ಭಟ್ಟರೇ, ಪ್ರಸಂಗ ಯಾಕೆ ಬೇಕು? ಅದು ಕೈಲಾಗದವರಿಗೆ. ಸುಮ್ಮನೆ ಕಿಷ್ಕಿಂಧೆಯ ಭೂಗೋಳ, ಕಪಿಗಳ ವಂಶಾವಳಿ ಕೊಡುತ್ತೇವೆ, ಮಿಕ್ಕಿದ್ದು ನಿಮ್ಮ ಕಲ್ಪನೆ" ಅಂತ ಅವರ ಮುಂದೆ ಹೇಳುವ ಧೈರ್ಯ ಯಾರಿಗಿತ್ತು? ಕೊನೆ ಗೊತ್ತಿರುವ ಕತೆಯೊಳಗೇ ಅಷ್ಟು ದೊಡ್ಡ ಕಲ್ಪನೆ ಅರಳಿತು ಅಂದಮೇಲೆ, ಕೊನೆಯನ್ನು ದಾಳಕ್ಕೂ ಆಟಗಾರರಿಗೂ ಬಿಟ್ಟ ಒಂದು ಅಡ್ವೆಂಚರ್ ಯಾರ ಕಲ್ಪನೆಯನ್ನು ನುಂಗುತ್ತದೆ?

ಕರಾವಳಿಯ ಮಾತು ಮೈಸೂರಿಗೇಕೆ ಅಂತ ಮೂಗು ಮುರಿಯಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಅಳಿಯ ಲಿಂಗರಾಜರು ಅರಮನೆಯಲ್ಲಿ ಕೂತು ಯಕ್ಷಗಾನಗಳನ್ನು ಬರೆದ ಊರು ಇದು. ಮುಮ್ಮಡಿಯವರ ಕತೆಯಂತೂ ಈ ವಾದಕ್ಕೆ ಹೇಳಿ ಮಾಡಿಸಿದ್ದು. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೆ, ಆ ದೊರೆ ಆಟಗಳ ಮೇಲೆ ಸುರಿದ ಬುದ್ಧಿಯನ್ನು ಇನ್ಯಾವ ರಾಜನೂ ಸುರಿದಿರಲಾರ. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿ ಆಟಗಳಿಗೆ ಮೀಸಲು. 1861ರ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟದ ಪಟಗಳು ಇವತ್ತಿಗೂ ಇವೆ. ಚದುರಂಗದ ಕುದುರೆ ಹೇಗೆ ನಡೆಯುತ್ತದೆ ಎಂಬ ನಿಯಮ ಒಂದು ಸಾಲಿನದು. ಅದನ್ನು ಹೇಳಿ ದೊರೆ ಎದ್ದು ಹೋಗಲಿಲ್ಲ. ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆಯ ಓಟಗಳನ್ನು ಪೂರ್ತಿ ಬಿಡಿಸಿ, ಮನೆಮನೆಗೂ ಅಂಕಿ ಹಾಕಿ ತೋರಿಸಿದರು. ನೋಡಿದವರು ಮೊದಲು ಆ ದಾರಿಯಲ್ಲೇ ಬೆರಳಾಡಿಸಿ, ಆಮೇಲೆ ತಮ್ಮದೇ ಓಟ ಹುಡುಕಲಿ ಅಂತ. ರೆಡಿಮೇಡ್ ಕೊಟ್ಟರು! ಆ ಕಾರಣಕ್ಕೆ ಮುಮ್ಮಡಿಯವರಿಗೆ ಕಲ್ಪನೆ ಕಡಿಮೆ ಅನ್ನುತ್ತೀರೋ?

ಅದೇ ಊರಿನಲ್ಲಿ ಗಂಜೀಫಾ ಎಂಬ ಎಲೆಯಾಟಕ್ಕೆ ಏನಾಯಿತು ನೋಡಿ. ಎಲೆಗಳ ವಿವರ ಗ್ರಂಥದಲ್ಲಿ ಉಳಿಯಿತು, ಚಿತ್ರಗಳು ಉಳಿದವು, ಮೈಸೂರು ಗಂಜೀಫಾ ಅಂತ ಗೋಡೆಗೆ ತೂಗುಹಾಕುವ ಕಲೆಯೂ ಆಯಿತು. ಆದರೆ ಸಂಜೆ ಕೂತು ಆಡುವ ಮನೆಗಳು ಇಲ್ಲವಾದವು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರ 'ಕ್ರೀಡಾ ಕೌಶಲ್ಯ' ಪ್ರದರ್ಶನದಲ್ಲಿ ಪಗಡೆ, ಚೌಕಾಬಾರ, ಅಳಗುಳಿಮನೆಯ ಮುಂದೆ ಜನ ನಿಂತು ಆಸೆಯಿಂದ ನೋಡುತ್ತಾರೆ. ಅಳಗುಳಿಮನೆಯ ಮುಂದೆ ಅಜ್ಜಿಯೊಬ್ಬರು ಕೂತು ಹುಣಸೆಬೀಜ ಹಾಕಿ ಒಂದು ಆಟ ಆಡಿ ತೋರಿಸಿದರೆ ಮೊಮ್ಮಗ ಐದು ನಿಮಿಷಕ್ಕೆ ಕಲಿಯುತ್ತಾನೆ. ನಿಯಮದ ಚೀಟಿ ಕೈಗಿಟ್ಟರೆ ಆಕಳಿಸುತ್ತಾನೆ. ಈ ದಾಳದ ಆಟಕ್ಕೆ ಮೈಸೂರಿನಲ್ಲಿ ಅಜ್ಜಿಯೂ ಇಲ್ಲ, ಅಣ್ಣನೂ ಇಲ್ಲ. ಅಮೆರಿಕದಲ್ಲಿ ಮೂರನೆಯ ತಲೆಮಾರು ಆಡುತ್ತಿರಬಹುದು. ಅಲ್ಲಿ ಚಿಕ್ಕಪ್ಪನೋ ನೆರೆಮನೆಯವನೋ ಹೇಳಿಕೊಟ್ಟಾನು. ಇಲ್ಲಿ ಪುಸ್ತಕವೇ ಗುರು. ಆ ಗುರು ಒಂದು ಪಾಠವನ್ನೂ ಮಾಡಿ ತೋರಿಸದೆ ಪಠ್ಯಕ್ರಮ ಓದಿ ಹೇಳಿ ಕ್ಲಾಸು ಬಿಡುತ್ತಾನೆ.

ಕತೆ ಬೇಡ ಅನ್ನುವವರ ನಿಜವಾದ ಅನುಕೂಲ ಬೇರೆಯಿದೆ. ಲೋಕ ಕಟ್ಟುವುದು ಸುಲಭ, ಕತೆ ಕಟ್ಟುವುದು ಕಷ್ಟ. ಹೆಸರು, ನಕಾಶೆ, ವಂಶಾವಳಿ ಎಷ್ಟು ಬೇಕಾದರೂ ಬರೆಯಬಹುದು. ಅವು ಒಂದಕ್ಕೊಂದು ತಾಕಬೇಕಾಗಿಲ್ಲ. ದಸರೆಯಲ್ಲಿ ಗೊಂಬೆ ಕೂರಿಸಿದ ಹಾಗೆ, ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರೆ ಆಯಿತು, ಯಾವ ಗೊಂಬೆಯೂ ಇನ್ನೊಂದರ ಜೊತೆ ಮಾತಾಡುವುದಿಲ್ಲ. 1980ರಲ್ಲಿ ಟಿಎಸ್ಆರ್ ತಂದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ತೆಗೆದು ನೋಡಿ. ನಮ್ಮ ಇಂದ್ರ, ಅಗ್ನಿ, ವರುಣ, ಯಮ ಎಲ್ಲರೂ ಸಾಲಾಗಿದ್ದಾರೆ. ಒಬ್ಬೊಬ್ಬರಿಗೂ ಇಷ್ಟು ಪ್ರಾಣ, ಇಷ್ಟು ಬಲ, ಇಷ್ಟು ಕವಚ ಅಂತ ಅಂಕಿ. ಇಂದ್ರನ ಅಂಕಿ ಸಿಕ್ಕಿತು, ಸರಿ. ಅವನ ಜೊತೆ ಏನು ಮಾಡುವುದು? ಹೊಡೆಯುವುದು! ಅಂಕಿ ಮಾತ್ರ ಕೊಟ್ಟರೆ ಆಟಗಾರನ ತಲೆಗೆ ಹೊಳೆಯುವುದು ಅದೊಂದೇ. ನಚಿಕೇತನಿಗೆ ಯಮ ಯಾರಾಗಿದ್ದ ಅನ್ನುವುದು ಅಂಕಿಯಲ್ಲಿ ಇಲ್ಲ, ಕತೆಯಲ್ಲಿದೆ. ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕೂತ ಹುಡುಗ, ಮನೆಗೆ ಬಂದು ಮುಜುಗರಪಡುವ ಯಮ, ಮೂರು ವರ. ಅದನ್ನು ಒಂದು ಅಡ್ವೆಂಚರ್ ಆಗಿ ಇಟ್ಟಿದ್ದರೆ ಪರದೇಶದ ಹುಡುಗರೂ ಯಮನ ಜೊತೆ ವಾದಕ್ಕೆ ಕೂರುತ್ತಿದ್ದರು, ಕತ್ತಿ ಹಿರಿಯುತ್ತಿರಲಿಲ್ಲ. 2022ರಲ್ಲಿ ಬಂದ 'ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್'ನಲ್ಲಿ ಬಂಗಾಳದ ಮಿಮಿ ಮಂಡಲ್ ಬರೆದ ಮಣಿವರ್ಷದ ಕತೆಯಿದೆ. ನಮ್ಮ ಕಡೆಯ ನೀರು, ಮಣ್ಣು, ಹಬ್ಬ ಅದರೊಳಗೆ ಇರುವುದು ಯಾರೋ ಎಲ್ಲಿಗೋ ಹೋಗಬೇಕಾಗಿರುವುದರಿಂದ, ಯಾರೋ ಕಾಣೆಯಾಗುವುದರಿಂದ. ಪಟ್ಟಿಯಾಗಿ ಬಂದಿದ್ದರೆ ಅದನ್ನೂ ಯಾರೂ ಓದುತ್ತಿರಲಿಲ್ಲ.

ನಮ್ಮದೇ ಮಣ್ಣಿನ ಒಂದು ಪುಸ್ತಕ ಮಾಡಿದರೆಂದು ಭಾವಿಸಿ. ಲೋಕವಾದಿಗಳ ಪುಟ ಹೀಗಿರುತ್ತದೆ: ತಲಕಾಡು. ಕಾವೇರಿ ತೀರದ ಊರು. ಗಂಗರ ರಾಜಧಾನಿ. ಮರಳಿನಿಂದ ಮುಚ್ಚಿದ ದೇವಾಲಯಗಳು. ಅಲಮೇಲಮ್ಮನ ಶಾಪ ಪ್ರಸಿದ್ಧ. ಮುಂದಿನ ಊರು: ಸೋಮನಾಥಪುರ. ಪ್ರವಾಸೋದ್ಯಮ ಇಲಾಖೆಯ ಕರಪತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಕರಪತ್ರ ಪುಕ್ಕಟೆ, ಅಷ್ಟೇ.

ಈಗ ಇದನ್ನೇ ಕತೆಯಾಗಿ ಹಿಡಿಯಿರಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಮೇಲಿನ ದಿನಗಳು. ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ಆಟಗಾರರು ಮಾಲಂಗಿಯ ಅಂಬಿಗರು. ರಾತ್ರಿ ಒಬ್ಬ ಹೆಂಗಸು ಬಂದು ಹೊಳೆ ದಾಟಿಸಿ ಅನ್ನುತ್ತಾಳೆ. ಮಡಿಲಲ್ಲಿ ಗಂಟು. ವಿಜಯನಗರದ ಪ್ರತಿನಿಧಿಯಾಗಿದ್ದವನ ಹೆಂಡತಿ ಅಲಮೇಲಮ್ಮ ಆಕೆ, ಒಡವೆ ತನ್ನದು ಅನ್ನುತ್ತಾಳೆ. ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸುತ್ತಿದ್ದ ಒಡವೆ ಅದು, ದೇವಿಯದು ಅಂತ ದೇವಾಲಯದವರು ಅನ್ನುತ್ತಾರೆ. ಬೆಳಗಾಗುವುದರೊಳಗೆ ರಾಜನ ಕಡೆಯವರು ದಡಕ್ಕೆ ಬರುತ್ತಾರೆ. ಶಾಪ ಇನ್ನೂ ಬಾಯಿಂದ ಹೊರಟಿಲ್ಲ. ಅವಳನ್ನು ದಾಟಿಸುತ್ತೀರಾ? ಒಡವೆ ಕೊಡಿಸಿ ಪ್ರಾಣ ಉಳಿಸುತ್ತೀರಾ? ಸೈನಿಕರಿಗೆ ಸುಳ್ಳು ಹೇಳುತ್ತೀರಾ? ಇನಾಮು ಬರುತ್ತದೆ ಅಂತ ಹಿಡಿದುಕೊಡುತ್ತೀರಾ? ಮೇಜಿನ ಸುತ್ತ ಕೂತ ಐವರ ಬೆನ್ನು ಈಗ ನೆಟ್ಟಗಾಗುತ್ತದೆ. ತಲಕಾಡಿನ ಮರಳು, ಮಾಲಂಗಿಯ ಮಡು, ಮೈಸೂರು ಅರಸರಿಗೆ ಮಕ್ಕಳಿಲ್ಲದ ನಾಲ್ಕು ಶತಮಾನದ ಮಾತು, ಎಲ್ಲವೂ ಅವರ ಒಂದು ತೀರ್ಮಾನಕ್ಕೆ ತೂಗುಬಿದ್ದಿದೆ. ಇದು ಅರ್ಧ ಪುಟ. ಇದರಲ್ಲಿ ಯಾವ ಹಳಿ ಇದೆ? ಯಾರ ಕಲ್ಪನೆ ಸತ್ತಿತು?

ಕತೆ ಬರೆಯಲು ಕೂತಾಗಲೇ ಲೋಕದ ಟೊಳ್ಳು ಗೊತ್ತಾಗುವುದು. ಅಂಬಿಗನಿಗೆ ಸೈನಿಕರು ಏನು ಕೂಲಿ ಕೊಡುತ್ತಾರೆ, ಹೊಳೆ ಯಾವ ತಿಂಗಳಲ್ಲಿ ತುಂಬಿರುತ್ತದೆ, ದೇವಾಲಯದ ಪರಿಚಾರಕನ ಮಾತಿಗೆ ಊರಗೌಡ ಬೆಲೆ ಕೊಡುತ್ತಾನೋ ಇಲ್ಲವೋ ಎಂಬ ಪ್ರಶ್ನೆಗಳು ಆಗ ಏಳುತ್ತವೆ. ಲೋಕವನ್ನು ಬರೆದವನು ಇವಕ್ಕೆ ಉತ್ತರ ಕೊಡದಿದ್ದರೆ ಅವನು ಲೋಕ ಬರೆದೇ ಇಲ್ಲ. ಸಿದ್ಧ ಕತೆ ಇಡದ ಗ್ರಂಥಕರ್ತ ತನ್ನ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನೆ. ಅದಕ್ಕೆ ಓದುಗನ ಸ್ವಾತಂತ್ರ್ಯ ಎಂಬ ಚಂದದ ಹೆಸರು.

ಈ 'ಸ್ವಂತದ್ದೇ ಶ್ರೇಷ್ಠ' ಎಂಬ ಧೋರಣೆಯಲ್ಲಿ ಮಡಿ ಮೈಲಿಗೆಯ ವಾಸನೆಯಿದೆ. ಮನೆಯಲ್ಲಿ ಹೆಣೆದ ಕತೆ ಮಡಿ, ಅಚ್ಚಾದ ಕತೆ ಮೈಲಿಗೆ. ಯಾರಿಗೆ ಸಾಧ್ಯ ಈ ಮಡಿ? ವಾರಕ್ಕೆ ಹತ್ತು ಗಂಟೆ ಬಿಡುವಿದ್ದವರಿಗೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬರುವವನಿಗೆ, ಎರಡು ಮಕ್ಕಳನ್ನು ಮಲಗಿಸಿ ರಾತ್ರಿ ಒಂಬತ್ತಕ್ಕೆ ಗೆಳತಿಯರ ಜೊತೆ ಆಡಲು ಕೂರುವವಳಿಗೆ, ಶನಿವಾರ ಮಧ್ಯಾಹ್ನ ಶಾಲೆಯ ಹುಡುಗರಿಗೆ ಇಂಥ ಆಟ ಆಡಿಸೋಣ ಅಂದುಕೊಳ್ಳುವ ಮೇಷ್ಟರಿಗೆ ಆ ಹತ್ತು ಗಂಟೆ ಎಲ್ಲಿಂದ ಬರಬೇಕು? ಅವರಿಗೆ ಬೇಕಾದ್ದು ಅರ್ಧ ಗಂಟೆ ಓದಿ ಮೇಜಿಗೆ ಕೂರಬಹುದಾದ ಒಂದು ಕತೆ. ಅದನ್ನು ಕೇಳಿದ್ದಕ್ಕೆ ಸೋಮಾರಿ ಎಂಬ ಬಿರುದು.

"ಬೇಕಾದವರು ಮಾಡ್ಯೂಲ್ ಬೇರೆ ಕೊಳ್ಳಲಿ" ಎಂಬ ಔದಾರ್ಯದ ಮಾತೂ ಇದೆ. ಅಂದರೆ ಮೊದಲ ಪುಸ್ತಕದಿಂದ ಆಟ ಆಗುವುದಿಲ್ಲ ಅಂತ ನೀವೇ ಒಪ್ಪಿಕೊಂಡಿರಿ. ಅದನ್ನು ಬೆನ್ನಿನ ಮೇಲೆ ಅಚ್ಚು ಹಾಕಿ, ಕೊಳ್ಳುವವರಿಗೆ ಗೊತ್ತಾಗಲಿ. ಇನ್ನೊಂದು, ಸಿದ್ಧ ಕತೆಯನ್ನು ಒಂದೇ ಸಲ ಆಡುವುದು, ಪುಟ ದಂಡ ಎಂಬ ಲೆಕ್ಕ. 1981ರ 'ಕಾಲ್ ಆಫ್ ಕ್ತುಲ್ಹು'ವಿನ ನಿಯಮದ ಪುಸ್ತಕದಲ್ಲಿ ಒಂದು ದೆವ್ವದ ಮನೆಯ ಕತೆ ಇತ್ತು. ನಾಲ್ಕು ದಶಕ ದಾಟಿದರೂ ಆ ಆಟಕ್ಕೆ ಹೊಸಬರು ಬಂದರೆ ಹಳಬರು ಮೊದಲು ಕರೆದುಕೊಂಡು ಹೋಗುವುದು ಆ ಮನೆಗೇ. ದಂಡವಾದದ್ದು ಆ ಪುಟಗಳೋ, ಹನ್ನೊಂದು ಕೊಡಲಿಗಳ ಪುಟವೋ?

'ಡಂಜನ್ಸ್ ಅಂಡ್ ಡ್ರಾಗನ್ಸ್'ನವರೇ ಈಗ ದಾರಿಗೆ ಬಂದಿದ್ದಾರೆ. 2014ರ ಅವರ ಡಿಎಂ ಕೈಪಿಡಿಯಲ್ಲಿ ಆಡಲು ಸಿದ್ಧವಾದ ಒಂದು ಕತೆಯೂ ಇರಲಿಲ್ಲ. 2024ರ ಕೈಪಿಡಿಯಲ್ಲಿ ಐದು ಸಣ್ಣ ಕತೆಗಳಿವೆ, ಜೊತೆಗೆ ಅವು ನಡೆಯಲು ಒಂದು ಲೋಕವೂ ಇದೆ. ಅಮೆರಿಕದ ದೊಡ್ಡ ಕಂಪೆನಿ ಬಿಟ್ಟುಬಿಟ್ಟ ಜಂಭವನ್ನು ನಾವೇಕೆ ಹೊತ್ತು ತಿರುಗಬೇಕು?

ಭಾರತದಲ್ಲಿ, ಕನ್ನಡದಲ್ಲಿ ಇಂಥ ಪುಸ್ತಕ ಮಾಡಲು ಕೈ ಹಾಕುವವರಿಗೆ ಹೇಳುವುದಿಷ್ಟು. ಮೊದಲು ಕತೆ ಬರೆಯಿರಿ. ಕೊನೆಯ ಮೂರು ಪುಟದಲ್ಲಿ ತುರುಕಿದ ಅನುಬಂಧವಾಗಿ ಬೇಡ, ಮುಂದಿನ ಪುಟಗಳಲ್ಲೇ ಇರಲಿ. ಆ ಕತೆಗೆ ಬೇಕಾದಷ್ಟು ಲೋಕವನ್ನು ಅದರ ಸುತ್ತ ಕಟ್ಟಿ, ಕತೆ ಮುಟ್ಟದ ರಾಜವಂಶವನ್ನು ಹೊಡೆದುಹಾಕಿ. ಖಾಲಿ ಬಿಡಬೇಕಾದ ಜಾಗವನ್ನು ಮೈಕ್ ಕಾರ್ ಬಿಟ್ಟಂತೆ ಲೆಕ್ಕ ಹಾಕಿ ಬಿಡಿ. ರಂಗಾಯಣದ ಚಿಣ್ಣರ ಮೇಳದಲ್ಲಿ ಬೇಸಿಗೆಗೆ ಸೇರುವ ಮಕ್ಕಳ ಒಂದು ಗುಂಪಿನ ಕೈಗೆ ಹಸ್ತಪ್ರತಿ ಕೊಟ್ಟು ಆಡಿಸಿ ನೋಡಿ. ಎಲ್ಲಿ ಮಾತು ನಿಂತಿತೋ ಅಲ್ಲಿ ನಿಮ್ಮ ಬರವಣಿಗೆ ಸೋತಿದೆ.

ಕೊಳ್ಳುವವರೇ, ನೀವು ಸುಮ್ಮನಿರುವವರೆಗೂ ಇದು ಬದಲಾಗುವುದಿಲ್ಲ. ಪುಸ್ತಕ ಕೈಗೆ ಬಂದಾಗ ಮುಖಪುಟದ ಚಿತ್ರ ಬಿಟ್ಟು ಪರಿವಿಡಿ ತೆಗೆಯಿರಿ. ಇವತ್ತು ಸಂಜೆ ಆಡಬಹುದಾದ ಒಂದು ಪೂರ್ತಿ ಕತೆ ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಪುಸ್ತಕವನ್ನು ವಾಪಸ್ ಕಪಾಟಿಗಿಡಿ, ಯಾಕೆ ಕೊಳ್ಳಲಿಲ್ಲವೆಂದು ಅಂಗಡಿಯವನಿಗೂ ಪ್ರಕಾಶಕರಿಗೂ ಬರೆದು ತಿಳಿಸಿ.